ಫೋಟೋಗೆ ಕತ್ತರಿ ಹಾಕದ ಅಹ್ಮದ್ ಪಾಷಾ

ಅಹ್ಮದ್ ಪಾಷಾ ಅವರನ್ನು ನಾನು ಹುಡುಕಿಕೊಂಡು ಹೋದದ್ದು ನನ್ನ ಸ್ವಂತ ಅಕ್ಕನನ್ನು ಫೋಟೋದಿಂದ ತೆಗೆಸಲು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಮೊದಲ ಸಾಲು ತಪ್ಪಾದರೆ ಕೊನೆಯ ಉತ್ತರವೂ ತಪ್ಪು ಎಂದು ಎಷ್ಟೋ ಮಕ್ಕಳ ಕಿವಿ ಹಿಂಡಿದ್ದೇನೆ. ಈಗ ಸುಳ್ಳಿನಿಂದ ಶುರುಮಾಡಿದರೆ ಅವರೆಲ್ಲ ಬಂದು ನನ್ನ ಕಿವಿ ಹಿಂಡಬಹುದು.

ಕೆ.ಆರ್. ಪುರದಲ್ಲಿ ನಾವು ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಇಪ್ಪತ್ತು ದಿನ ಉಳಿದಿತ್ತು. ನಡುಮನೆಯ ಗೋಡೆಗೆ ಅಪ್ಪ ಅಮ್ಮನ ಫೋಟೋ ಹಾಕಬೇಕೆಂದು ನನ್ನ ಆಸೆ. ಅವರಿಬ್ಬರೂ ಒಟ್ಟಿಗೆ ಕೂತು ತೆಗೆಸಿಕೊಂಡದ್ದು ಒಂದೇ ಒಂದು ಫೋಟೋ. ಆಗ ನಾವು ಹಲಸೂರಿನಲ್ಲಿದ್ದೆವು. ನಾಲ್ವರೂ ಹೊಸ ಬಟ್ಟೆ ಹಾಕಿಕೊಂಡು ಶಿವಾಜಿನಗರದ ಸ್ಟುಡಿಯೋಗೆ ನಡೆದುಕೊಂಡೇ ಹೋಗಿದ್ದೆವು. ನಡುವೆ ಎರಡು ಕುರ್ಚಿಯಲ್ಲಿ ಅಪ್ಪ ಅಮ್ಮ. ಅಪ್ಪನ ಪಕ್ಕದ ಅಂಚಿನಲ್ಲಿ ಹತ್ತು ವರ್ಷದ ನಾನು, ಅಪ್ಪನ ಭುಜದ ಮೇಲೆ ಕೈ ಇಟ್ಟು. ಅಮ್ಮನ ಪಕ್ಕದ ಅಂಚಿನಲ್ಲಿ ಹದಿನಾಲ್ಕರ ಅಕ್ಕ ಮಂಜುಳ, ಅಮ್ಮನ ಭುಜದ ಮೇಲೆ ಕೈ ಇಟ್ಟು. ಹಾಗೆ ನಿಲ್ಲಿಸಿದವನು ಫೋಟೋಗ್ರಾಫರ್. ಮೂರು ಪ್ರತಿ ಕೊಟ್ಟಿದ್ದರು. ಒಂದು ಅಪ್ಪನ ಪೆಟ್ಟಿಗೆಯಲ್ಲಿದ್ದು ಗೆದ್ದಲು ತಿಂದಿತು. ಉಳಿದವು ನಮಗೆ ಒಂದೊಂದು ಬಂದವು.

ಈಗ ಅಕ್ಕನ ವಿಷಯ. ಆರು ವರ್ಷದ ಹಿಂದೆ ಅವಳ ಮಗಳ ಮದುವೆಯಾಯಿತು. ಮದುವೆ ಕಾರ್ಡಿನಲ್ಲಿ ‘ಸುಖಾಗಮನ ಬಯಸುವವರು’ ಎಂದು ಒಂದು ಪಟ್ಟಿ ಇರುತ್ತದಲ್ಲ, ಅದರಲ್ಲಿ ಇಪ್ಪತ್ತೆರಡು ಹೆಸರು. ಅವಳ ಮೈದುನನ ಷಡ್ಡಕನ ಹೆಸರು ಕೂಡ ಇತ್ತು. ನನ್ನ ಹೆಸರಿಲ್ಲ, ನನ್ನ ಯಜಮಾನರು ಹಂಪಣ್ಣನವರ ಹೆಸರಿಲ್ಲ. ಕೇಳಿದರೆ, “ಪ್ರೆಸ್‌ನವ್ರು ಬಿಟ್ಬಿಟ್ಟಿದ್ದಾರೆ ಕಣೇ,” ಎಂದಳು. ಪ್ರೆಸ್‌ನವರಿಗೆ ಷಡ್ಡಕ ನೆನಪಿದ್ದು ಒಡಹುಟ್ಟಿದ ತಂಗಿ ಮರೆತುಹೋದಳೇ? ನಾನು ಮದುವೆಗೆ ಹೋದೆ, ಉಡುಗೊರೆ ಕೊಟ್ಟೆ, ಎಲೆ ಮುಂದೆ ಕೂತವಳು ಬಡಿಸುವ ಹೊತ್ತಿಗೆ ಎದ್ದು ಬಂದೆ. ಎಲ್ಲರೂ ನೋಡಿದರು. ನೋಡಲಿ ಎಂದೇ ಎದ್ದಿದ್ದೆ. ಹೊರಗೆ ಬಂದು ನೋಡಿದರೆ ಹಂಪಣ್ಣನವರು ಇಲ್ಲ. ಅರ್ಧ ಗಂಟೆ ಬಿಟ್ಟು ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಬಂದರು. ರಾಯಚೂರಿನವರು, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳುವವರಲ್ಲ.

“ಹೆಸರು ಇಲ್ಲಾಂದ್ರ ಏನಾತು? ಹೋಳಿಗಿ ಛಲೋ ಆಗಿದ್ವು,” ಎಂದರು.

ಅಂದಿನಿಂದ ನನಗೂ ಅಕ್ಕನಿಗೂ ಮಾತಿಲ್ಲ. ಅವಳು ಕುಕ್ ಟೌನ್, ನಾನು ಕೆ.ಆರ್. ಪುರ. ನಡುವೆ ಒಂದು ಗಂಟೆಯ ದಾರಿ, ಆರು ವರ್ಷದಿಂದ ಯಾರೂ ನಡೆಯದ ದಾರಿ. ನಮ್ಮ ಗೃಹಪ್ರವೇಶದ ಕಾರ್ಡು ಅಚ್ಚಾಗಿ ಬಂದಿತ್ತು. ಅದರಲ್ಲಿ ಅವಳ ಹೆಸರಿಲ್ಲ, ಭಾವನವರ ಹೆಸರೂ ಇಲ್ಲ. ಪ್ರೆಸ್‌ನವರು ಬಿಟ್ಟಿರಲಿಲ್ಲ, ನಾನೇ ಬಿಟ್ಟಿದ್ದೆ. ಹೀಗಿರುವಾಗ ನನ್ನ ಮನೆಯ ಗೋಡೆಯ ಮೇಲೆ ಅವಳು ಅಮ್ಮನ ಭುಜ ಹಿಡಿದುಕೊಂಡು ನಿಂತು, ಬಂದವರಿಗೆಲ್ಲ ದರ್ಶನ ಕೊಡುವುದು ಬೇಡವಾಗಿತ್ತು.

ಮೊದಲು ಇಂದಿರಾನಗರಕ್ಕೆ ಹೋದೆ. ಫ್ರೇಮಿನ ಅಂಗಡಿ ಎನ್ನಲು ಹೆದರಿಕೆಯಾಗುವಂಥ ಅಂಗಡಿ, ಒಳಗೆಲ್ಲ ಎ.ಸಿ., ಕಾಫಿ ವಾಸನೆ. ಅಲ್ಲಿದ್ದ ಹುಡುಗಿ ಫೋಟೋವನ್ನು ಕಂಪ್ಯೂಟರಿಗೆ ಹಾಕಿ ಎರಡು ನಿಮಿಷದಲ್ಲಿ ಅಕ್ಕನನ್ನು ಅಳಿಸಿದಳು. ಅಕ್ಕನಿದ್ದ ಜಾಗದಲ್ಲಿ ಒಂದು ಪರದೆ ಬಂತು. ಅಮ್ಮನ ಭುಜದ ಮೇಲಿದ್ದ ಕೈ ಹೋಯಿತು. “ಶೋಲ್ಡರ್ ಫುಲ್ ರೀಕನ್‌ಸ್ಟ್ರಕ್ಟ್ ಆಗಿದೆ ಆಂಟಿ, ಗೊತ್ತೇ ಆಗಲ್ಲ,” ಎಂದಳು. ನನಗೆ ಗೊತ್ತಾಯಿತು. ಅದು ಯಾರದೋ ಭುಜ. ನಮ್ಮಮ್ಮ ಸೆರಗನ್ನು ಹಾಗೆ ಹೊದೆಯುತ್ತಲೇ ಇರಲಿಲ್ಲ. ಬೇಡಮ್ಮ ಎಂದು ಹೊರಗೆ ಬಂದೆ.

ಆಮೇಲೆ ಹಲಸೂರು ಮಾರ್ಕೆಟ್ಟಿನ ಬಳಿ ಒಂದು ಗಾಜಿನ ಅಂಗಡಿಯವನನ್ನು ಕೇಳಿದೆ. “ನಾವು ಕಿಟಕಿ ಗಾಜು ಮಾತ್ರ ಮಾಡೋದು ಮೇಡಂ. ಹಳೇ ಫೋಟೋ ಅಂದ್ರೆ ಶಿವಾಜಿನಗರದ ಪಾಷಾ ಹತ್ರ ಹೋಗ್ಬಿಡಿ,” ಎಂದ. ಮರುದಿನ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತಿ ಶಿವಾಜಿನಗರದಲ್ಲಿ ಇಳಿದೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಪಾಷಾ ಎಲ್ಲಿ ಎಂದರೆ, ಬಾಳೆಹಣ್ಣಿನ ಗಾಡಿಯವನು ನಕ್ಕ. “ಯಾವ ಪಾಷಾ ಅಮ್ಮಾ? ಈ ಗಲ್ಲೀಲೇ ಹನ್ನೊಂದು ಜನ ಇದ್ದೀವಿ. ನಾನೂ ಪಾಷಾನೇ.” ಫ್ರೇಮಿನ ಪಾಷಾ ಎಂದ ಮೇಲೆ ದಾರಿ ತೋರಿಸಿದ.

ಅಂಗಡಿ ಇಬ್ಬರು ಒಟ್ಟಿಗೆ ನಿಂತರೆ ತುಂಬುವಷ್ಟಿತ್ತು. ಗೋಡೆಯ ಮೇಲೆ ತಿರುಪತಿ ತಿಮ್ಮಪ್ಪ, ವೇಲಾಂಕಣಿ ಮಾತೆ, ಕಾಬಾದ ಚಿತ್ರ, ಕಪ್ಪು ನಿಲುವಂಗಿ ಹಾಕಿಕೊಂಡು ಡಿಗ್ರಿ ಹಿಡಿದ ಹುಡುಗಿ, ನಾಲಿಗೆ ಚಾಚಿದ ಒಂದು ನಾಯಿ, ಎಲ್ಲರೂ ಹೆಗಲಿಗೆ ಹೆಗಲು ತಾಗಿಸಿಕೊಂಡು ಒಯ್ಯುವವರಿಗಾಗಿ ಕಾಯುತ್ತಿದ್ದರು. ಅವರ ಕೆಳಗೆ ಮರದ ಬೆಂಚಿನ ಹಿಂದೆ ಕೂತವರು ಅಹ್ಮದ್ ಪಾಷಾ. ಅರುವತ್ತೆಂಟರ ಆಸುಪಾಸು, ಬಿಳಿ ಗಡ್ಡ, ದಾರ ಕಟ್ಟಿದ ಕನ್ನಡಕ, ಗಾಜು ಕೊಯ್ದ ಗುರುತುಗಳಿಂದ ತುಂಬಿದ ಹೆಬ್ಬೆರಳು. ನನ್ನನ್ನು ನೋಡಿದ ಕೂಡಲೇ ಮುಖ ಅರಳಿತು.

“ಬನ್ನಿ ಬನ್ನಿ ಮೇಡಂ. ಆಮೇಲೆ ಈ ಕಡೆ ಬರ್ಲೇ ಇಲ್ವಲ್ಲಾ?”

ನಾನು ಆ ಗಲ್ಲಿಗೆ ಕಾಲಿಡುತ್ತಿದ್ದುದು ಅದೇ ಮೊದಲು. ಗಿರಾಕಿಯನ್ನು ಹೀಗೆ ಹಳೇ ನೆಂಟರಂತೆ ಮಾತಾಡಿಸುವುದು ಕಮರ್ಷಿಯಲ್ ಸ್ಟ್ರೀಟಿನವರಿಂದ ಕಲಿತ ಉಪಾಯವಿರಬೇಕು ಎಂದುಕೊಂಡು, ಸ್ಟೂಲಿನ ಮೇಲೆ ಬಿಗುವಾಗಿ ಕೂತೆ.

ನನಗಿಂತ ಮುಂಚೆ ಬಂದ ಯುವಕನೊಬ್ಬ ಅಜ್ಜಿಯ ಫೋಟೋಗೆ ಚಿನ್ನದ ಬಣ್ಣದ ಫ್ರೇಮೇ ಬೇಕೆಂದು ಹಟ ಹಿಡಿದಿದ್ದ. ಪಾಷಾ ಫೋಟೋವನ್ನು ಬೆಳಕಿಗೆ ಹಿಡಿದರು. “ನಿಮ್ಮಜ್ಜಿ ಮೈಮೇಲೆ ಮೂಗುತಿ ಬಿಟ್ರೆ ಬೇರೆ ಬಂಗಾರ ಇಲ್ಲ. ಸುತ್ತ ಇಷ್ಟೊಂದು ಚಿನ್ನ ಸುರಿದ್ರೆ ಗಾಬರಿ ಆಗಲ್ವಾ ಅವ್ರಿಗೆ?” ಎಂದರು. ಯುವಕ ತೇಗದ ಫ್ರೇಮಿಗೆ ಒಪ್ಪಿಕೊಂಡು ಹೋದ. ಅದಕ್ಕೂ ಮೊದಲು ಅವನು ಯಾವ ಗೋಡೆ, ಬಿಸಿಲು ಬೀಳುತ್ತದೆಯೇ, ಅಡುಗೆಮನೆ ಎಷ್ಟು ದೂರ, ಅಜ್ಜಿಗೆ ಕಿಟಕಿಯ ಕಡೆ ಮುಖವೇ, ಟಿ.ವಿ. ಕಡೆ ಮುಖವೇ, ಎಲ್ಲಕ್ಕೂ ಉತ್ತರ ಕೊಡಬೇಕಾಯಿತು. ಹೆಣ್ಣು ಕೊಡುವಾಗ ಕೂಡ ಇಷ್ಟು ವಿಚಾರಿಸುವುದಿಲ್ಲ.

“ದಿನಾ ಇಷ್ಟು ಜನರ ಮುಖ ನೋಡ್ತೀರಲ್ಲ, ನಿಮ್ಮ ಮನೇಲಿ ಯಾರ ಯಾರ ಫೋಟೋ ಹಾಕಿದ್ದೀರಿ?” ಎಂದು ಕೇಳಿದೆ.

“ಒಂದೂ ಇಲ್ಲ ಮೇಡಂ. ಗಡಿಯಾರ ಇದೆ, ಅಷ್ಟೇ. ನಮ್ಮ ಅಬ್ಬಾಗೆ, ಅಂದ್ರೆ ನಮ್ಮಪ್ಪಂಗೆ, ಇಷ್ಟ ಇರ್ಲಿಲ್ಲ. ಈಗ ವಾಜಿದಾ, ನಮ್ಮನೆಯೋರು, ಏನಂತಾರೆ ಗೊತ್ತಾ? ದಿನವೆಲ್ಲಾ ಊರೋರ ಮುಖ ನೋಡಿ ಬರ್ತೀರ, ಮನೆಗೆ ಬಂದ್ಮೇಲಾದ್ರೂ ನನ್ನ ಮುಖ ನೋಡಿ ಅಂತಾರೆ.”

“ನೋಡ್ತೀರಾ?”

“ಬೈತಾ ಇರುವಾಗ ನೋಡಲ್ಲ.”

ನಗು ಬಂತು. ಆದರೆ ನಾನು ನಗಲು ಬಂದವಳಲ್ಲ. ಗಂಟಲು ಸರಿಮಾಡಿಕೊಂಡು, ಒಂದು ಫೋಟೋದಲ್ಲಿ ಒಬ್ಬರನ್ನು ಕತ್ತರಿಸಿ ತೆಗೆದು ಉಳಿದವರಿಗೆ ಫ್ರೇಮ್ ಹಾಕಿಕೊಡಬೇಕು ಎಂದೆ. ಪಾಷಾ ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟರು.

“ಫ್ರೇಮು ಹಾಕ್ತೀನಿ. ಕತ್ತರಿ ಹಾಕಲ್ಲ.”

“ಯಾಕೆ? ನನ್ನ ಫೋಟೋ, ನನ್ನ ಇಷ್ಟ.”

“ನಿಮ್ಮ ಫೋಟೋನೇ. ಕತ್ತರಿ ನಂದಲ್ವಾ?”

ಆಮೇಲೆ ಅವರು ಹೇಳಿದ್ದನ್ನು ನಾನು ಈಗಲೂ ಮರೆತಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಅಪ್ಪನ ಅಂಗಡಿ ಕೈಗೆ ಬಂದ ಹೊಸದರಲ್ಲಿ, ಹಲಸೂರಿನ ಕೆಂಪರಾಜ್ ಎನ್ನುವವರು ಒಂದು ಫೋಟೋ ತಂದರಂತೆ. ಅವರೂ ಅವರ ತಮ್ಮನೂ ಸೈಕಲ್ ಹಿಡಿದು ನಿಂತದ್ದು. ಇಬ್ಬರಿಗೂ ಜಗಳ. ತಮ್ಮನನ್ನು ಕತ್ತರಿಸಿಬಿಡು ಎಂದರು. ಹುಡುಗ ಪಾಷಾ ನೀಟಾಗಿ ಕತ್ತರಿಸಿ, ತಮ್ಮನಿದ್ದ ಚೂರನ್ನು ಕಸದ ಜೊತೆ ಗುಡಿಸಿ ಹಾಕಿದ. ಎಂಟು ತಿಂಗಳು ಬಿಟ್ಟು ಕೆಂಪರಾಜ್ ಮತ್ತೆ ಬಂದರು. ಲಾರಿಗೆ ಸಿಕ್ಕು ತಮ್ಮ ತೀರಿಹೋಗಿದ್ದ. ಅವನದು ಬೇರೆ ಫೋಟೋ ಇರಲಿಲ್ಲ.

“ಇದೇ ಸ್ಟೂಲ್ ಮೇಲೆ ಕೂತಿದ್ರು ಮೇಡಂ. ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಆ ಚೂರು ಎಲ್ಲಾದ್ರೂ ಇದೆಯಾ ನೋಡಪ್ಪಾ ಅಂದ್ರು. ಎಂಟು ತಿಂಗಳ ಕಸ, ಎಲ್ಲಿ ಹುಡುಕಲಿ? ಆದ್ರೂ ಬೆಂಚು ಎತ್ತಿ, ಹಲಗೆ ಎತ್ತಿ ಹುಡುಕಿದೆ. ಅವ್ರೂ ನನ್ ಜೊತೆ ಬಗ್ಗಿ ಹುಡುಕಿದ್ರು.”

ಅಂದಿನಿಂದ ಪಾಷಾ ಮನುಷ್ಯರಿರುವ ಫೋಟೋಗೆ ಕತ್ತರಿ ಮುಟ್ಟಿಸಿಲ್ಲ. ಹಾಗೆಂದು ಜನ ಜಗಳ ಬಿಟ್ಟಾರೆಯೇ? ಅದಕ್ಕೆ ಅವರೇ ಒಂದು ದಾರಿ ಮಾಡಿಕೊಂಡರು. ಫೋಟೋಗೂ ಫ್ರೇಮಿಗೂ ನಡುವೆ ಬಿಳಿ ರಟ್ಟಿನ ಅಂಚು ಹಾಕುತ್ತಾರಲ್ಲ, ಅದನ್ನು ಬೇಡವಾದವರ ಕಡೆ ಅಗಲ ಮಾಡಿ, ಅವರನ್ನು ಅದರ ಹಿಂದೆ ನಿಲ್ಲಿಸುವುದು. ಫೋಟೋ ಪೂರ್ತಿ ಒಳಗೇ ಇರುತ್ತದೆ. ಕಾಣುವವರು ಕಾಣುತ್ತಾರೆ, ಉಳಿದವರು ರಟ್ಟಿನ ಹಿಂದೆ ಸುಮ್ಮನೆ ನಿಂತಿರುತ್ತಾರೆ. ರಿಚರ್ಡ್ಸ್ ಟೌನಿನ ಒಂದು ಬಂಗಲೆಯಲ್ಲಿ ಒಬ್ಬ ಅಳಿಯ ಹನ್ನೊಂದು ವರ್ಷದಿಂದ ಹೀಗೆ ನಿಂತಿದ್ದಾನಂತೆ.

“ಆ ಕಡೆ ಮಾತ್ರ ಗೋಂದು ಹಾಕಲ್ಲ, ಗುಂಡುಸೂಜಿ ಅಷ್ಟೇ,” ಎಂದರು ಪಾಷಾ. “ಬಿಚ್ಚಿಸೋಕೆ ಬರ್ತಾರಲ್ಲಾ. ಹತ್ತು ಜನದಲ್ಲಿ ಏಳು ಜನ ಬರ್ತಾರೆ. ಯಾಕೆ ಮುಚ್ಚಿಸ್ತೀರ ಅಂತ ನಾನು ಕೇಳಲ್ಲ. ಯಾರು ಯಾರನ್ನ ಮುಚ್ಚಿಸಿದ್ದಾರೆ ಅಂತ ಯಾರಿಗೂ ಹೇಳಲ್ಲ. ವಾಜಿದಾಗೂ ಹೇಳಲ್ಲ. ನಲವತ್ತಾರು ವರ್ಷ ಆಯ್ತು ಮೇಡಂ, ಒಂದು ಮಾತು ಹೊರಗೆ ಹೋಗಿಲ್ಲ ಈ ಅಂಗಡಿಯಿಂದ.”

ಹೇಳುವಾಗ ಎದೆ ಸ್ವಲ್ಪ ಉಬ್ಬಿತ್ತು. ಇರಲಿ, ನಾನು ಬಂದ ಕೆಲಸಕ್ಕೆ ಈ ಉಪಾಯ ಸಾಕು. ಮುಂದೆ ನನ್ನ ಹಾಗೂ ಅಕ್ಕನ ಮಧ್ಯೆ ಏನೇ ಆದರೂ ನಾನು ಸ್ಟೂಲ್ ಮೇಲೆ ಕೂತು ಅಳಬೇಕಾಗುವುದಿಲ್ಲ. ಚೀಲದಿಂದ ಫೋಟೋ ತೆಗೆದು ಬೆಂಚಿನ ಮೇಲಿಟ್ಟೆ.

ಪಾಷಾ ನೋಡಿದರು. “ಓ, ಇದಾ? ಏನಾಯ್ತು, ಗಾಜು ಒಡೀತಾ?”

ನಾನು ಬಾಯಿ ತೆರೆಯುವ ಮೊದಲೇ ಹಿಂದಕ್ಕೆ ತಿರುಗಿದರು. ಗಾಜು ಒಡೆದರೆ ಮತ್ತೆ ಅಳೆಯಬಾರದೆಂದು, ಮುಚ್ಚಿಸಿದ ಪ್ರತಿ ಫೋಟೋಗೂ ಒಂದು ಅಳತೆಯ ರಟ್ಟು ಮಾಡಿ ಮೊಳೆಗೆ ನೇತುಹಾಕಿರುತ್ತಾರೆ. ಹಳೇ ಕ್ಯಾಲೆಂಡರಿನ ರಟ್ಟು, ಫೋಟೋದಷ್ಟೇ ಅಗಲ, ಕಾಣಬೇಕಾದವರಿಗೆ ಸರಿಯಾಗಿ ಒಂದು ಕಿಟಕಿ. ಅದರ ಮೇಲೆ ಹೆಸರು ಬರೆಯುವುದಿಲ್ಲ, ಬಡಾವಣೆ ಮಾತ್ರ. ಕಟ್ಟಿನಿಂದ ಒಂದನ್ನು ಎಳೆದರು.

“ಕುಕ್ ಟೌನ್ ತಾನೇ ಮೇಡಂ? ಹೋದ ವರ್ಷ ದೀಪಾವಳಿ ಮುಂಚೆ ಬಂದಿದ್ರಲ್ಲಾ,” ಎನ್ನುತ್ತಾ ರಟ್ಟನ್ನು ನನ್ನ ಫೋಟೋದ ಮೇಲಿಟ್ಟರು.

ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ ಕೂತಿತು. ಕಿಟಕಿಯಲ್ಲಿ ಅಮ್ಮ ಕಂಡಳು, ಅಪ್ಪ ಕಂಡರು, ಅಮ್ಮನ ಪಕ್ಕ ಎರಡು ಜಡೆ ಹಾಕಿಕೊಂಡ ಅಕ್ಕ ಕಂಡಳು. ನಾನು ಇರಲಿಲ್ಲ.

ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು. ಚಿಕ್ಕಂದಿನಿಂದ ನಮ್ಮಿಬ್ಬರ ಮುಖ ಒಂದೇ ಥರ ಎನ್ನುತ್ತಿದ್ದರು. ಕೂದಲು ನರೆತು, ಕನ್ನಡಕ ಬಂದ ಮೇಲೆ ಇನ್ನೂ ಒಂದೇ ಥರ ಆಗಿರಬೇಕು. ಈ ಮನುಷ್ಯ ನನ್ನನ್ನು ಮಂಜುಳ ಎಂದುಕೊಂಡಿದ್ದಾರೆ. ಮಂಜುಳ ಇದೇ ಸ್ಟೂಲ್ ಮೇಲೆ ಕೂತು, ಇದೇ ಫೋಟೋ ಕೊಟ್ಟು, ನನ್ನನ್ನು ರಟ್ಟಿನ ಹಿಂದೆ ಹಾಕಿಸಿಕೊಂಡು ಹೋಗಿದ್ದಾಳೆ. ಅದೂ ನನಗಿಂತ ಒಂದು ವರ್ಷ ಮೊದಲೇ.

“ನಾನು ಕುಕ್ ಟೌನ್ ಅಲ್ಲ, ಕೆ.ಆರ್. ಪುರ,” ಎಂದೆ. “ನೀವು ಮುಚ್ಚಿದ್ದೀರಲ್ಲ, ಆ ಹುಡುಗಿ ನಾನು.”

ಪಾಷಾ ನನ್ನ ಮುಖ ನೋಡಿದರು, ಫೋಟೋ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಗಡ್ಡದ ಮೇಲೆ ಕೈ ಹೋಯಿತು. “ಯಾ ಅಲ್ಲಾ,” ಎಂದರು. ನಲವತ್ತಾರು ವರ್ಷ ಕಾಪಾಡಿಕೊಂಡ ಗುಟ್ಟಿನ ಅಂಗಡಿ ಐದು ನಿಮಿಷದ ಹಿಂದೆ ತಾನೇ ಜಂಬ ಕೊಚ್ಚಿಕೊಂಡು ಈಗ ಬೀಗ ಮುರಿದುಕೊಂಡು ಬಿದ್ದಿತ್ತು. ಅವರ ಮುಖ ನೋಡಲಾಗುತ್ತಿರಲಿಲ್ಲ. ಆದರೆ ನನಗೆ ಕನಿಕರ ತೋರಿಸುವ ಪುರುಸೊತ್ತಿರಲಿಲ್ಲ.

“ಎಷ್ಟು ಧೈರ್ಯ ಅವಳಿಗೆ! ಒಡಹುಟ್ಟಿದ ತಂಗಿಯನ್ನ ಮುಚ್ಚಿಸ್ತಾಳಾ? ನಾಚಿಕೆ ಬೇಡ್ವಾ?”

ಪಾಷಾ ರಟ್ಟನ್ನು ಎತ್ತಿದರು, ಮಗುಚಿದರು, ಮತ್ತೆ ಫೋಟೋದ ಮೇಲಿಟ್ಟರು. ಈಗ ನಾನು ಕಂಡೆ, ಅಪ್ಪ ಅಮ್ಮ ಕಂಡರು, ಅಕ್ಕ ಮಾಯ. ಅದೇ ರಟ್ಟು, ಅದೇ ಕಿಟಕಿ. ನನಗೂ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ ಸರಿಹೋಯಿತು.

“ಹೊಸ ಅಳತೆ ತೆಗೆಯೋದೇ ಬೇಡ ಮೇಡಂ,” ಎಂದರು ಮೆಲ್ಲಗೆ.

ಪಾಷಾ ಬೆರಳಿನಿಂದ ಅಮ್ಮನ ಭುಜ ತೋರಿಸಿದರು. ರಟ್ಟು ಅಕ್ಕನನ್ನು ಪೂರ್ತಿ ಮುಚ್ಚಿದ್ದರೂ ಅಮ್ಮನ ಭುಜದ ಮೇಲೆ ಒಂದು ಕೈ ಹಾಗೇ ಉಳಿದಿತ್ತು. “ಇದನ್ನ ಮುಚ್ಚೋಕೆ ಹೋದ್ರೆ ನಿಮ್ಮಮ್ಮನ ಅರ್ಧ ಮುಖ ಹೋಗುತ್ತೆ. ಕೈ ಇರ್ಲೇಬೇಕು. ಮನೆಗೆ ಬಂದೋರು ಯಾರ ಕೈ ಇದು ಅಂತ ಕೇಳ್ತಾರೆ. ಏನ್ ಹೇಳ್ತೀರ ಅಂತ ಯೋಚ್ನೆ ಮಾಡ್ಕೊಂಡು ಬನ್ನಿ. ಆಮೇಲೆ ಫ್ರೇಮು ಹಾಕೋಣ.”

ಫೋಟೋ ಚೀಲಕ್ಕೆ ತುರುಕಿಕೊಂಡು ಎದ್ದೆ. ಹೊರಗೆ ಬಂದು ಆಟೋ ಹಿಡಿದು ಕುಕ್ ಟೌನ್ ಎಂದೆ. ರಾಜಿಗೆ ಹೋದೆ ಎಂದು ಯಾರೂ ತಿಳಿಯಬೇಡಿ, ಜಗಳಕ್ಕೇ ಹೋದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಒಂದರ ಕೆಳಗೊಂದು ಜೋಡಿಸಿಕೊಂಡೆ. ಮೊದಲು ಕಾರ್ಡು, ಆಮೇಲೆ ಷಡ್ಡಕ, ಕೊನೆಗೆ ರಟ್ಟು.

ಬಾಗಿಲು ತೆಗೆದವಳು ಅಕ್ಕನೇ. ಕೈಯಲ್ಲಿ ಸೌಟಿತ್ತು. ಆರು ವರ್ಷದಲ್ಲಿ ತುಂಬಾ ಇಳಿದಿದ್ದಳು. ನಾನು ಅವಳನ್ನು ದಾಟಿಕೊಂಡು ನಡುಮನೆಗೆ ಹೋದೆ. ಗೋಡೆಯ ಮೇಲೆ ತೇಗದ ಫ್ರೇಮಿನಲ್ಲಿ ಅಪ್ಪ, ಅಮ್ಮ, ಅವಳು. ಅಪ್ಪನ ಭುಜದ ಮೇಲೆ ಒಂದು ಪುಟ್ಟ ಕೈ, ಮಣಿಕಟ್ಟಿನಲ್ಲಿ ಎರಡು ಗಾಜಿನ ಬಳೆ. ಆ ಬಳೆ ನನಗೆ ನೆನಪಿತ್ತು. ಸ್ಟುಡಿಯೋಗೆ ಹೊರಡುವಾಗ ನನ್ನ ಕೈ ಬೋಳಾಗಿದೆ ಎಂದು ನಾನು ಅತ್ತದ್ದಕ್ಕೆ ಅಕ್ಕ ತನ್ನದನ್ನೇ ತೆಗೆದು ತೊಡಿಸಿದ್ದಳು.

ಜೋಡಿಸಿಕೊಂಡು ಬಂದದ್ದೆಲ್ಲ ಎಲ್ಲಿ ಹೋಯಿತೋ. ಬಾಯಿಗೆ ಬಂದದ್ದು ಇಷ್ಟೇ.

“ಇದು ಯಾರ ಕೈ?”

ಅಕ್ಕ ಸೌಟು ಹಿಡಿದುಕೊಂಡೇ ನಿಂತಿದ್ದಳು. “ಬಂದೋರೆಲ್ಲ ಅದನ್ನೇ ಕೇಳ್ತಾರೆ,” ಎಂದಳು.

“ಏನು ಹೇಳ್ತೀಯ?”

“ನಮ್ಮ ನಾಗೂದು ಅಂತೀನಿ. ಇನ್ನೇನು ಹೇಳ್ಲಿ? ಹುಡುಗಿ ಎಲ್ಲಿ ಅಂತಾರೆ. ಕೋಪ ಮಾಡ್ಕೊಂಡು ಊಟ ಬಿಟ್ಟು ಹೋಗಿದ್ದಾಳೆ, ಬರ್ತಾಳೆ ಅಂತೀನಿ.”

ನಾನು ಅತ್ತೆ. ಗಣಿತದ ಟೀಚರು, ಮಕ್ಕಳೆಲ್ಲ ಹೆದರುತ್ತಿದ್ದ ನಾಗರತ್ನಾ ಮೇಡಂ, ಚಿಕ್ಕ ಹುಡುಗಿಯಂತೆ ಅತ್ತೆ. ಅವಳೂ ಅತ್ತಳು, ಆದರೆ ಸ್ವಲ್ಪವೇ. ಒಲೆಯ ಮೇಲೆ ಬಸ್ಸಾರು ಇತ್ತು. “ಕೈ ತೊಳ್ಕೊಂಡು ಬಾ. ಈ ಸಲ ಎದ್ದು ಹೋದ್ರೆ ಕಾಲು ಮುರೀತೀನಿ,” ಎಂದು ತಟ್ಟೆ ಹಾಕಿದಳು. ಎರಡು ಮುದ್ದೆ ಉಂಡೆ. ಉಂಡ ಮೇಲೆ ಚೀಲದಲ್ಲಿದ್ದ ಗೃಹಪ್ರವೇಶದ ಕಾರ್ಡು ತೆಗೆದು, ಪಟ್ಟಿಯ ತಲೆಯ ಮೇಲೆ ಅವಳ ಹೆಸರನ್ನೂ ಭಾವನವರ ಹೆಸರನ್ನೂ ಪೆನ್ನಿನಲ್ಲಿ ಬರೆದುಕೊಟ್ಟೆ. ಪ್ರೆಸ್‌ನವರು ಬಿಟ್ಟುಬಿಟ್ಟಿದ್ದರು ಎಂದೆ. ಅವಳು ನಂಬಲಿಲ್ಲ, ಆದರೆ ಕಾರ್ಡು ತೆಗೆದುಕೊಂಡಳು.

ಎರಡು ದಿನ ಬಿಟ್ಟು ಇಬ್ಬರೂ ಒಟ್ಟಿಗೆ ಶಿವಾಜಿನಗರಕ್ಕೆ ಹೋದೆವು. ಅವಳ ಕೈಯಲ್ಲಿ ಅವಳ ಫ್ರೇಮು, ನನ್ನ ಚೀಲದಲ್ಲಿ ನನ್ನ ಫೋಟೋ. ಪಾಷಾ ನಮ್ಮಿಬ್ಬರನ್ನೂ ನೋಡಿ, ಅಕ್ಕನ ಕಡೆ ತಿರುಗಿ ಕೈ ಮುಗಿಯಲು ಹೋದರು. “ಇರ್ಲಿ ಬಿಡಿ ಪಾಷಾ ಅವ್ರೇ, ನೀವು ಹೇಳ್ದೇ ಇದ್ರೆ ಇವಳು ಬರ್ತಿರ್ಲಿಲ್ಲ,” ಎಂದಳು ಅಕ್ಕ. ಅವರ ಮುಖದಲ್ಲಿ ಬಣ್ಣ ಮರಳಿ ಬಂತು. ಗುಂಡುಸೂಜಿ ಕಿತ್ತರು, ಅಗಲದ ಅಂಚನ್ನು ತೆಗೆದರು. ನಾನು ರಟ್ಟಿನ ಹಿಂದಿನಿಂದ ಒಂದು ಕಲೆಯೂ ಇಲ್ಲದೆ ಹೊರಗೆ ಬಂದೆ. ಮುಚ್ಚಿದ್ದ ಭಾಗ ಉಳಿದ ಫೋಟೋಗಿಂತ ಚೊಕ್ಕಟವಾಗಿತ್ತು. ನನ್ನ ಫೋಟೋಗೂ ಅದೇ ತೇಗದ ಫ್ರೇಮು, ನಾಲ್ವರೂ ಪೂರ್ತಿ ಕಾಣುವ ಹಾಗೆ.

ಹೊರಡುವಾಗ ಬೆಂಚಿನ ಮೇಲೆ ಆ ಕ್ಯಾಲೆಂಡರ್ ರಟ್ಟು ಬಿದ್ದಿತ್ತು. “ಇದನ್ನ ಇನ್ನು ಬಿಸಾಕಿ,” ಎಂದೆ.

ಪಾಷಾ ಅದನ್ನು ಎತ್ತಿಕೊಂಡರು. ಒಂದು ಬದಿಯಲ್ಲಿ ‘ಕುಕ್ ಟೌನ್’ ಎಂದಿತ್ತು. ಮಗುಚಿ, ಇನ್ನೊಂದು ಬದಿಯಲ್ಲಿ ನಿಧಾನವಾಗಿ ‘ಕೆ.ಆರ್. ಪುರ’ ಎಂದು ಬರೆದು, ಮತ್ತೆ ಮೊಳೆಗೆ ನೇತುಹಾಕಿದರು.

“ಇರ್ಲಿ ಮೇಡಂ,” ಎಂದರು. “ಅಕ್ಕ ತಂಗಿ ಅಲ್ವಾ?”